ಮಿಷೆಲ್ ವಿಲಿಯಮ್ಸ್ (ನಟಿ)

ಮಿಷೆಲ್ ಇಂಗ್ರಿಡ್ ವಿಲಿಯಮ್ಸ್ (ಜನನ: ಸೆಪ್ಟೆಂಬರ್ 9, 1980) ಅಮೆರಿಕದ ಚಲನಚಿತ್ರ, ಕಿರುತೆರೆ ಹಾಗೂ ರಂಗಭೂಮಿ ನಟಿ. 1998ರಿಂದ 2003ರವರೆಗೆ ಪ್ರಸಾರವಾದ 'ಡಾಸನ್ಸ್ ಕ್ರೀಕ್' ಧಾರಾವಾಹಿಯ ಜೆನ್ ಲಿಂಡ್ಲಿ ಪಾತ್ರದಿಂದ ಇವರು ಮನೆಮಾತಾದರು. ಧಾರಾವಾಹಿ ಮುಗಿದ ಬಳಿಕ ಅದೇ ಬಗೆಯ ಜನಪ್ರಿಯ ಪಾತ್ರಗಳನ್ನು ಮುಂದುವರಿಸದೆ, ಕಡಿಮೆ ಬಂಡವಾಳದ ಸ್ವತಂತ್ರ ಚಿತ್ರಗಳಲ್ಲಿ ಹೆಚ್ಚಾಗಿ ನಟಿಸಿ ಹೆಸರು ಗಳಿಸಿದರು. 'ಬ್ರೋಕ್‌ಬ್ಯಾಕ್ ಮೌಂಟನ್' (2005), 'ಬ್ಲೂ ವ್ಯಾಲೆಂಟೈನ್' (2010), 'ಮೈ ವೀಕ್ ವಿತ್ ಮರ್ಲಿನ್' (2011), 'ಮ್ಯಾಂಚೆಸ್ಟರ್ ಬೈ ದ ಸೀ' (2016) ಮತ್ತು 'ದ ಫೇಬಲ್‌ಮನ್ಸ್' (2022) ಚಿತ್ರಗಳಿಗಾಗಿ ಐದು ಬಾರಿ ಆಸ್ಕರ್ ಪ್ರಶಸ್ತಿಗೆ ನಾಮನಿರ್ದೇಶನಗೊಂಡಿದ್ದಾರೆ. 2019ರ 'ಫಾಸಿ/ವರ್ಡನ್' ಕಿರುಸರಣಿಯ ಅಭಿನಯಕ್ಕಾಗಿ ಎಮ್ಮಿ ಮತ್ತು ಗೋಲ್ಡನ್ ಗ್ಲೋಬ್ ಪ್ರಶಸ್ತಿಗಳನ್ನು ಪಡೆದಿದ್ದಾರೆ. ಹಾಲಿವುಡ್‌ನಲ್ಲಿ ನಟ ಮತ್ತು ನಟಿಯರ ಸಂಭಾವನೆಯ ನಡುವಿನ ಅಂತರದ ಕುರಿತ ಚರ್ಚೆಯಲ್ಲಿಯೂ ಇವರ ಹೆಸರು ಪ್ರಮುಖವಾಗಿ ಕೇಳಿಬಂದಿದೆ.

ಬಾಲ್ಯ ಮತ್ತು ಆರಂಭಿಕ ಜೀವನ

ವಿಲಿಯಮ್ಸ್ ಜನಿಸಿದ್ದು ಮೊಂಟಾನಾ ರಾಜ್ಯದ ಕ್ಯಾಲಿಸ್ಪೆಲ್ ಪಟ್ಟಣದಲ್ಲಿ. ತಂದೆ ಲ್ಯಾರಿ ವಿಲಿಯಮ್ಸ್ ಸರಕು ಮಾರುಕಟ್ಟೆಯ ವಹಿವಾಟುದಾರರು ಹಾಗೂ ಆ ವಿಷಯದ ಲೇಖಕರು. ಅವರು 1978 ಮತ್ತು 1982ರಲ್ಲಿ ರಿಪಬ್ಲಿಕನ್ ಪಕ್ಷದಿಂದ ಅಮೆರಿಕದ ಸೆನೆಟ್‌ಗೆ ಸ್ಪರ್ಧಿಸಿ ಸೋತಿದ್ದರು. ಮಿಷೆಲ್ ಒಂಬತ್ತು ವರ್ಷದವರಿದ್ದಾಗ ಕುಟುಂಬವು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋಗೆ ಸ್ಥಳಾಂತರಗೊಂಡಿತು. ಅಲ್ಲಿಯ ಸ್ಥಳೀಯ ನಾಟಕಗಳಲ್ಲಿ ಆಸಕ್ತಿ ಬೆಳೆಸಿಕೊಂಡ ಅವರು, ನಟನಾ ಅವಕಾಶಗಳಿಗಾಗಿ ಲಾಸ್ ಏಂಜಲೀಸ್‌ಗೆ ಹೋಗಿಬರತೊಡಗಿದರು.

1993ರಲ್ಲಿ 'ಬೇವಾಚ್' ಧಾರಾವಾಹಿಯ ಒಂದು ಕಂತಿನಲ್ಲಿ ಮೊದಲ ಬಾರಿಗೆ ತೆರೆಯ ಮೇಲೆ ಕಾಣಿಸಿಕೊಂಡರು. 1994ರ 'ಲ್ಯಾಸಿ' ಇವರ ಮೊದಲ ಚಲನಚಿತ್ರ. ಮರುವರ್ಷ ತೆರೆಕಂಡ ವೈಜ್ಞಾನಿಕ ಕಥೆಯ 'ಸ್ಪೀಶೀಸ್' ಚಿತ್ರದಲ್ಲಿ ಪ್ರಯೋಗಾಲಯದಿಂದ ತಪ್ಪಿಸಿಕೊಳ್ಳುವ ಅನ್ಯಗ್ರಹ ಮೂಲದ ಬಾಲಕಿಯಾಗಿ ನಟಿಸಿದರು.

ಹದಿನೈದನೆಯ ವಯಸ್ಸಿನಲ್ಲಿ ಅವರು ಪೋಷಕರ ಒಪ್ಪಿಗೆಯೊಂದಿಗೆ ಕಾನೂನಿನ ಪ್ರಕಾರ ಸ್ವತಂತ್ರ ವ್ಯಕ್ತಿಯೆಂಬ ಮಾನ್ಯತೆ ಪಡೆದರು. ಬಾಲನಟರ ಕೆಲಸದ ಅವಧಿಯ ಮೇಲಿನ ನಿರ್ಬಂಧಗಳು ಇದರಿಂದ ಅವರಿಗೆ ಅನ್ವಯಿಸದಂತಾಯಿತು. ಶಾಲಾ ಶಿಕ್ಷಣವನ್ನು ಅಂಚೆಯ ಮೂಲಕ ಪೂರೈಸಿ ಲಾಸ್ ಏಂಜಲೀಸ್‌ನಲ್ಲಿ ಒಬ್ಬರೇ ವಾಸಿಸತೊಡಗಿದರು. ಕ್ರಮಬದ್ಧ ವಿದ್ಯಾಭ್ಯಾಸ ಕೈತಪ್ಪಿದ ಬಗ್ಗೆ ಮುಂದೆ ಸಂದರ್ಶನಗಳಲ್ಲಿ ಅವರು ವಿಷಾದ ವ್ಯಕ್ತಪಡಿಸಿದ್ದಾರೆ. ಈ ಅವಧಿಯಲ್ಲಿಯೇ, 1997ರಲ್ಲಿ, ವಾಯಿದಾ ವಹಿವಾಟಿನ ವಿಶ್ವಮಟ್ಟದ ಸ್ಪರ್ಧೆಯೊಂದರಲ್ಲಿ ಭಾಗವಹಿಸಿ, 10,000 ಡಾಲರ್ ಹೂಡಿಕೆಯನ್ನು ಸುಮಾರು 1,00,000 ಡಾಲರ್‌ಗೆ ಏರಿಸಿ ಪ್ರಥಮ ಸ್ಥಾನ ಪಡೆದರು. ಅವರ ತಂದೆ ಇದೇ ಸ್ಪರ್ಧೆಯನ್ನು 1987ರಲ್ಲಿ ಗೆದ್ದಿದ್ದರು.

ಕಿರುತೆರೆ: ಡಾಸನ್ಸ್ ಕ್ರೀಕ್

ಕೆವಿನ್ ವಿಲಿಯಮ್ಸನ್ ರೂಪಿಸಿದ 'ಡಾಸನ್ಸ್ ಕ್ರೀಕ್' ಧಾರಾವಾಹಿಯು 1998ರ ಜನವರಿ 20ರಂದು ಡಬ್ಲ್ಯುಬಿ ವಾಹಿನಿಯಲ್ಲಿ ಆರಂಭವಾಗಿ 2003ರ ಮೇ 14ರಂದು ಮುಕ್ತಾಯಗೊಂಡಿತು. ಆರು ಆವೃತ್ತಿಗಳಲ್ಲಿ ಒಟ್ಟು 128 ಕಂತುಗಳು ಪ್ರಸಾರವಾದವು. ಕೇಪ್‌ಸೈಡ್ ಎಂಬ ಕಾಲ್ಪನಿಕ ಕಡಲತೀರದ ಊರಿನಲ್ಲಿ ನಡೆಯುವ ಕಥೆಯಲ್ಲಿ ಜೇಮ್ಸ್ ವ್ಯಾನ್ ಡರ್ ಬೀಕ್, ಕೇಟಿ ಹೋಮ್ಸ್, ಜೋಶುವಾ ಜಾಕ್ಸನ್ ಮತ್ತು ವಿಲಿಯಮ್ಸ್ ಪ್ರಮುಖ ಪಾತ್ರಗಳಲ್ಲಿದ್ದರು. ಚಿತ್ರೀಕರಣ ನಡೆದದ್ದು ಉತ್ತರ ಕ್ಯಾರೊಲಿನಾದ ವಿಲ್ಮಿಂಗ್ಟನ್‌ನಲ್ಲಿ.

ಜೆನ್ ಲಿಂಡ್ಲಿ ನ್ಯೂಯಾರ್ಕ್ ನಗರದಿಂದ ಅಜ್ಜಿಯ ಮನೆಗೆ ಕಳುಹಿಸಲ್ಪಟ್ಟ ಹುಡುಗಿ. ಧಾರಾವಾಹಿಯ ಮೊದಲ ದೃಶ್ಯಗಳಲ್ಲಿ ಆಕೆಯ ಆಗಮನವೇ ಕಥೆಗೆ ಚಾಲನೆ ನೀಡುತ್ತದೆ. ಆದರೆ ಮುಂದಿನ ಆವೃತ್ತಿಗಳಲ್ಲಿ ಕಥೆಯು ಇತರ ಮೂವರ ನಡುವಿನ ಪ್ರೇಮಪ್ರಸಂಗದತ್ತ ವಾಲಿದ್ದರಿಂದ ಜೆನ್ ಹಲವೆಡೆ ಅಂಚಿಗೆ ಸರಿಯುತ್ತಾಳೆ. ಅಜ್ಜಿಯ ಧಾರ್ಮಿಕ ನಿಷ್ಠೆ ಮತ್ತು ಮೊಮ್ಮಗಳ ಸಂದೇಹಗಳ ನಡುವೆ ಮೊದಲು ಘರ್ಷಣೆಯಾಗಿ, ನಿಧಾನವಾಗಿ ಆತ್ಮೀಯತೆಯಾಗಿ ಬೆಳೆಯುವ ಸಂಬಂಧವು ಈ ಪಾತ್ರದ ಗಟ್ಟಿಯಾದ ಎಳೆ. ಕೊನೆಯ ಕಂತಿನಲ್ಲಿ ಹೃದ್ರೋಗದಿಂದ ಸಾವಿನಂಚಿನಲ್ಲಿರುವ ಜೆನ್ ತನ್ನ ಪುಟ್ಟ ಮಗಳಿಗಾಗಿ ವಿಡಿಯೋ ಸಂದೇಶವೊಂದನ್ನು ಮುದ್ರಿಸುತ್ತಾಳೆ. ಕ್ಯಾಮೆರಾವನ್ನು ನೇರವಾಗಿ ನೋಡುತ್ತ, ಅತಿರೇಕವಿಲ್ಲದೆ ಮಾತನಾಡುವ ಈ ದೃಶ್ಯವು ಧಾರಾವಾಹಿಯ ನೆನಪಿನಲ್ಲುಳಿಯುವ ಭಾಗಗಳಲ್ಲಿ ಒಂದು.

ಧಾರಾವಾಹಿಯ ಬಿಡುವಿನ ಅವಧಿಗಳಲ್ಲಿ ವಿಲಿಯಮ್ಸ್ ಬೇರೆ ಬೇರೆ ಬಗೆಯ ಪಾತ್ರಗಳನ್ನು ಪ್ರಯತ್ನಿಸಿದರು. 'ಹ್ಯಾಲೋವೀನ್ ಎಚ್20' (1998) ಎಂಬ ಭಯಾನಕ ಚಿತ್ರದ ಬಳಿಕ, ವಾಟರ್‌ಗೇಟ್ ಹಗರಣವನ್ನು ವಿಡಂಬಿಸುವ 'ಡಿಕ್' (1999) ಚಿತ್ರದಲ್ಲಿ ಕರ್ಸ್ಟನ್ ಡನ್ಸ್ಟ್ ಜೊತೆ ನಟಿಸಿದರು. ಅದರಲ್ಲಿ ಅವರದು ಅಧ್ಯಕ್ಷ ನಿಕ್ಸನ್ ಮೇಲೆ ಮುಗ್ಧ ಮೋಹ ಬೆಳೆಸಿಕೊಳ್ಳುವ ಬಾಲಕಿಯ ಪಾತ್ರ. ಟ್ರೇಸಿ ಲೆಟ್ಸ್ ಬರೆದ 'ಕಿಲ್ಲರ್ ಜೋ' ನಾಟಕದ ಮೂಲಕ ನ್ಯೂಯಾರ್ಕ್ ರಂಗಭೂಮಿಗೆ ಕಾಲಿಟ್ಟರು. ಎಚ್‌ಬಿಒ ವಾಹಿನಿಯ 'ಇಫ್ ದೀಸ್ ವಾಲ್ಸ್ ಕುಡ್ ಟಾಕ್ 2' (2000) ಚಿತ್ರದ ಎರಡನೆಯ ಕಥೆಯಲ್ಲಿ, 1970ರ ದಶಕದ ಮಹಿಳಾ ಚಳವಳಿಯ ಹಿನ್ನೆಲೆಯಲ್ಲಿ ಇನ್ನೊಬ್ಬ ಹೆಣ್ಣನ್ನು ಪ್ರೀತಿಸುವ ವಿದ್ಯಾರ್ಥಿನಿಯಾಗಿ ಕಾಣಿಸಿಕೊಂಡರು. ಬ್ರಿಟನ್ನಿನ 'ಮಿ ವಿದೌಟ್ ಯು' (2001) ಚಿತ್ರದಲ್ಲಿ ಬ್ರಿಟಿಷ್ ಉಚ್ಚಾರಣೆಯನ್ನು ರೂಢಿಸಿಕೊಂಡು, ಉಸಿರುಗಟ್ಟಿಸುವ ಗೆಳೆತನದಲ್ಲಿ ಸಿಲುಕಿದ ಯುವತಿಯನ್ನು ಅಭಿನಯಿಸಿದರು. ಯುವಜನರ ಧಾರಾವಾಹಿಯ ತಾರೆಯೆಂಬ ಹಣೆಪಟ್ಟಿಯನ್ನು ಕಳಚಿಕೊಳ್ಳುವ ಪ್ರಯತ್ನವು ಧಾರಾವಾಹಿ ಮುಗಿಯುವ ಮೊದಲೇ ಆರಂಭವಾಗಿತ್ತೆಂಬುದನ್ನು ಈ ಆಯ್ಕೆಗಳು ತೋರಿಸುತ್ತವೆ.

ಬ್ರೋಕ್‌ಬ್ಯಾಕ್ ಮೌಂಟನ್

2003ರಲ್ಲಿ ಟಾಮ್ ಮೆಕಾರ್ತಿ ನಿರ್ದೇಶನದ 'ದ ಸ್ಟೇಶನ್ ಏಜೆಂಟ್' ಚಿತ್ರದಲ್ಲಿ ಸಣ್ಣ ಊರಿನ ಗ್ರಂಥಪಾಲಕಿಯಾಗಿ, 2004ರಲ್ಲಿ ಜರ್ಮನ್ ನಿರ್ದೇಶಕ ವಿಮ್ ವೆಂಡರ್ಸ್ ಅವರ 'ಲ್ಯಾಂಡ್ ಆಫ್ ಪ್ಲೆಂಟಿ' ಚಿತ್ರದಲ್ಲಿ ಅಮೆರಿಕಕ್ಕೆ ಮರಳುವ ಯುವತಿಯಾಗಿ ನಟಿಸಿದರು. ವ್ಯಾಪಕ ಮನ್ನಣೆ ದೊರೆತದ್ದು ಆಂಗ್ ಲೀ ನಿರ್ದೇಶನದ 'ಬ್ರೋಕ್‌ಬ್ಯಾಕ್ ಮೌಂಟನ್' (2005) ಚಿತ್ರದಿಂದ. ಆನಿ ಪ್ರೂ ಅವರ ಸಣ್ಣಕಥೆಯನ್ನು ಆಧರಿಸಿದ ಈ ಚಿತ್ರದಲ್ಲಿ ಇಬ್ಬರು ದನಗಾಹಿಗಳ ಗುಪ್ತ ಪ್ರೇಮವೇ ಮುಖ್ಯ ವಸ್ತು. ಅವರಲ್ಲೊಬ್ಬನಾದ ಎನಿಸ್‌ನ ಪತ್ನಿ ಆಲ್ಮಾಳ ಪಾತ್ರವನ್ನು ವಿಲಿಯಮ್ಸ್ ನಿರ್ವಹಿಸಿದರು.

ಆಲ್ಮಾಳಿಗೆ ಚಿತ್ರದಲ್ಲಿ ಹೆಚ್ಚು ಮಾತುಗಳಿಲ್ಲ. ಬಾಗಿಲಿನಾಚೆ ಗಂಡ ಮತ್ತು ಅವನ ಗೆಳೆಯನನ್ನು ಕಂಡ ಕ್ಷಣದಲ್ಲಿ ಆಕೆ ಕೂಗುವುದಿಲ್ಲ, ಪ್ರಶ್ನಿಸುವುದೂ ಇಲ್ಲ. ಕಂಡದ್ದನ್ನು ನುಂಗಿಕೊಂಡು ಮನೆಗೆಲಸಕ್ಕೆ ಮರಳುತ್ತಾಳೆ. ವಿಚ್ಛೇದನದ ನಂತರ, ಹಬ್ಬದೂಟದ ದಿನ ಅಡುಗೆಮನೆಯಲ್ಲಿ, ಮೀನು ಹಿಡಿಯುವ ಬುಟ್ಟಿಯೊಳಗೆ ತಾನಿಟ್ಟಿದ್ದ ಚೀಟಿ ಹಾಗೆಯೇ ಹಿಂದಿರುಗಿದ್ದನ್ನು ನೆನಪಿಸಿದಾಗ ವರ್ಷಗಳ ಸಿಟ್ಟು ಹೊರಬರುತ್ತದೆ. ನಾಯಕರ ಪ್ರೇಮಕಥೆಯಲ್ಲಿ ಅಡ್ಡಿಯಾಗಿ ಮಾತ್ರ ಉಳಿಯಬಹುದಾಗಿದ್ದ ಪಾತ್ರವು ಈ ಸಂಯಮದಿಂದಾಗಿ ತನ್ನದೇ ನೋವುಳ್ಳ ವ್ಯಕ್ತಿಯಾಗಿ ನಿಲ್ಲುತ್ತದೆ. ಈ ಪಾತ್ರಕ್ಕಾಗಿ ವಿಲಿಯಮ್ಸ್ ಅತ್ಯುತ್ತಮ ಪೋಷಕ ನಟಿ ವಿಭಾಗದಲ್ಲಿ ಮೊದಲ ಆಸ್ಕರ್ ನಾಮನಿರ್ದೇಶನ ಪಡೆದರು.

ಕೆಲ್ಲಿ ರೈಕಾರ್ಟ್ ಜೊತೆಗಿನ ಚಿತ್ರಗಳು

ಆಸ್ಕರ್ ನಾಮನಿರ್ದೇಶನದ ನಂತರ ವಿಲಿಯಮ್ಸ್ ಟಾಡ್ ಹೇನ್ಸ್ ಅವರ 'ಐ ಆಮ್ ನಾಟ್ ದೇರ್' (2007), ಚಾರ್ಲಿ ಕಾಫ್‌ಮನ್ ಅವರ 'ಸಿನೆಕ್ಡಕಿ, ನ್ಯೂಯಾರ್ಕ್' (2008) ಮುಂತಾದ ಚಿತ್ರಗಳಲ್ಲಿ ನಟಿಸಿದರು. ಇದೇ ಅವಧಿಯಲ್ಲಿ ಸ್ವತಂತ್ರ ಚಿತ್ರಗಳ ನಿರ್ದೇಶಕಿ ಕೆಲ್ಲಿ ರೈಕಾರ್ಟ್ ಅವರೊಂದಿಗೆ ಆರಂಭವಾದ ಸಹಯೋಗವು ನಾಲ್ಕು ಚಿತ್ರಗಳವರೆಗೆ ಮುಂದುವರಿಯಿತು.

'ವೆಂಡಿ ಆ್ಯಂಡ್ ಲೂಸಿ' (2008) ಸುಮಾರು 3 ಲಕ್ಷ ಡಾಲರ್ ವೆಚ್ಚದಲ್ಲಿ ತಯಾರಾದ ಚಿತ್ರ. ಕೆಲಸ ಅರಸಿ ಹಳೆಯ ಕಾರಿನಲ್ಲಿ ಅಲಾಸ್ಕಾಗೆ ಹೊರಟ ವೆಂಡಿ ಎಂಬ ಯುವತಿಯು ಆರಿಗನ್ ರಾಜ್ಯದ ಊರೊಂದರಲ್ಲಿ ಕಾರು ಕೆಟ್ಟು ಸಿಕ್ಕಿಬೀಳುತ್ತಾಳೆ. ನಾಯಿಗಾಗಿ ಅಂಗಡಿಯಲ್ಲಿ ಆಹಾರ ಕದ್ದು ಸಿಕ್ಕಿಬಿದ್ದಾಗ, ಹೊರಗೆ ಕಟ್ಟಿಹಾಕಿದ್ದ ನಾಯಿ ಕಾಣೆಯಾಗುತ್ತದೆ. ಕೊನೆಯಲ್ಲಿ ನಾಯಿ ಸುರಕ್ಷಿತವಾದ ಮನೆಯೊಂದರಲ್ಲಿರುವುದನ್ನು ಕಂಡು, ಅದನ್ನು ಅಲ್ಲಿಯೇ ಬಿಟ್ಟು ಸರಕು ರೈಲು ಹತ್ತುತ್ತಾಳೆ. ಬಡತನದ ಅಂಚಿನಲ್ಲಿರುವವರ ಬದುಕು ಎಷ್ಟು ಸಣ್ಣ ಆಘಾತಕ್ಕೂ ಕುಸಿಯಬಲ್ಲದೆಂಬುದನ್ನು ಚಿತ್ರವು ತೋರಿಸುತ್ತದೆ. ಪ್ರಸಾಧನವಿಲ್ಲದ ಮುಖ, ಅತ್ಯಲ್ಪ ಸಂಭಾಷಣೆ ಮತ್ತು ದೈಹಿಕ ಚಲನೆಯನ್ನೇ ಅವಲಂಬಿಸಿದ ಅಭಿನಯವು ಇದರ ವಿಶೇಷ.

'ಮೀಕ್ಸ್ ಕಟಾಫ್' (2010) ಚಿತ್ರದ ಕಥೆ 1845ರಲ್ಲಿ ಆರಿಗನ್‌ನತ್ತ ಬಂಡಿಗಳಲ್ಲಿ ಸಾಗುವ ವಲಸಿಗರದು. ದಾರಿ ತಪ್ಪಿಸಿದ ಮಾರ್ಗದರ್ಶಿಯ ವಿರುದ್ಧ ನಿಲ್ಲುವ ಎಮಿಲಿಯ ಪಾತ್ರ ವಿಲಿಯಮ್ಸ್ ಅವರದು. 'ಸರ್ಟನ್ ವಿಮೆನ್' (2016) ಮೈಲಿ ಮೆಲಾಯ್ ಅವರ ಕಥೆಗಳನ್ನು ಆಧರಿಸಿದ್ದು, ವಿಲಿಯಮ್ಸ್ ಹುಟ್ಟಿದ ಮೊಂಟಾನಾದಲ್ಲಿಯೇ ನಡೆಯುತ್ತದೆ. 'ಶೋಯಿಂಗ್ ಅಪ್' (2022) ಚಿತ್ರದಲ್ಲಿ, ಬಿಸಿನೀರಿಲ್ಲದ ಬಾಡಿಗೆ ಮನೆ, ಗಾಯಗೊಂಡ ಪಾರಿವಾಳ ಮತ್ತು ಕುಟುಂಬದ ಚಿಂತೆಗಳ ನಡುವೆ ಪ್ರದರ್ಶನಕ್ಕೆ ಸಿದ್ಧಳಾಗುವ ಶಿಲ್ಪಿಯಾಗಿ ನಟಿಸಿದರು. ಈ ಚಿತ್ರವು ಕಾನ್ ಚಲನಚಿತ್ರೋತ್ಸವದ ಸ್ಪರ್ಧಾ ವಿಭಾಗದಲ್ಲಿ ಪ್ರದರ್ಶನಗೊಂಡಿತು.

ಪ್ರಮುಖ ಪಾತ್ರಗಳು (2010–2017)

ಡೆರೆಕ್ ಸಿಯಾನ್‌ಫ್ರಾನ್ಸ್ ನಿರ್ದೇಶನದ 'ಬ್ಲೂ ವ್ಯಾಲೆಂಟೈನ್' ಚಿತ್ರಕಥೆಯು ಚಿತ್ರೀಕರಣಕ್ಕೆ ಹಲವು ವರ್ಷಗಳ ಮೊದಲೇ ವಿಲಿಯಮ್ಸ್ ಅವರ ಕೈಸೇರಿತ್ತು. ದಂಪತಿಯ ಪ್ರೇಮದ ಆರಂಭ ಮತ್ತು ದಾಂಪತ್ಯದ ಕುಸಿತವನ್ನು ಚಿತ್ರವು ಅಕ್ಕಪಕ್ಕದಲ್ಲಿಟ್ಟು ನಿರೂಪಿಸುತ್ತದೆ. ಎರಡು ಕಾಲಘಟ್ಟಗಳ ಚಿತ್ರೀಕರಣದ ನಡುವಿನ ಬಿಡುವಿನಲ್ಲಿ ವಿಲಿಯಮ್ಸ್ ಮತ್ತು ಸಹನಟ ರಯನ್ ಗಾಸ್ಲಿಂಗ್, ಪಾತ್ರಗಳ ಮನೆಯಲ್ಲಿಯೇ ಹಗಲುಗಳನ್ನು ಕಳೆದು, ಅಡುಗೆ, ಖರ್ಚುವೆಚ್ಚ ಮತ್ತು ಜಗಳಗಳನ್ನು ಅಭ್ಯಾಸ ಮಾಡಿದರು. ಅಮೆರಿಕದ ಪ್ರಮಾಣೀಕರಣ ಮಂಡಳಿಯು ಚಿತ್ರಕ್ಕೆ ಮೊದಲು ಅತಿ ಕಠಿಣವಾದ ವಯೋಮಿತಿ ವಿಧಿಸಿತ್ತು. ಮೇಲ್ಮನವಿಯ ನಂತರ ಅದನ್ನು ಸಡಿಲಿಸಲಾಯಿತು. ಈ ಚಿತ್ರಕ್ಕಾಗಿ ವಿಲಿಯಮ್ಸ್ ಅತ್ಯುತ್ತಮ ನಟಿ ವಿಭಾಗದಲ್ಲಿ ಆಸ್ಕರ್‌ಗೆ ನಾಮನಿರ್ದೇಶನಗೊಂಡರು.

'ಮೈ ವೀಕ್ ವಿತ್ ಮರ್ಲಿನ್' (2011) ಚಿತ್ರದಲ್ಲಿ ಮರ್ಲಿನ್ ಮನ್ರೋ ಪಾತ್ರವನ್ನು ವಹಿಸಿದ್ದು ಅವರ ವೃತ್ತಿಜೀವನದ ಅಪಾಯಕಾರಿ ಆಯ್ಕೆಗಳಲ್ಲೊಂದು. ಜಗತ್ತಿಗೆಲ್ಲ ಪರಿಚಿತವಾದ ಮುಖ, ನಡಿಗೆ ಮತ್ತು ಧ್ವನಿಯನ್ನು ಅನುಕರಣೆಯ ಮಟ್ಟಕ್ಕೆ ಇಳಿಸದೆ ತೋರಿಸುವುದು ಸವಾಲಾಗಿತ್ತು. 1956ರಲ್ಲಿ ಇಂಗ್ಲೆಂಡಿನಲ್ಲಿ ಲಾರೆನ್ಸ್ ಒಲಿವಿಯರ್ ಜೊತೆ ಚಿತ್ರೀಕರಣದಲ್ಲಿ ತೊಡಗಿದ್ದ ಮನ್ರೋ, ಸಾರ್ವಜನಿಕರೆದುರು ತಾರೆಯಾಗಿಯೂ ಏಕಾಂತದಲ್ಲಿ ಆತ್ಮವಿಶ್ವಾಸವಿಲ್ಲದ ನಟಿಯಾಗಿಯೂ ಕಾಣುವ ಎರಡು ಮುಖಗಳನ್ನು ವಿಲಿಯಮ್ಸ್ ಬೇರೆ ಬೇರೆಯಾಗಿ ಕಟ್ಟಿಕೊಟ್ಟರು. ಹಾಡುಗಳನ್ನೂ ತಾವೇ ಹಾಡಿದರು. ಇದಕ್ಕೆ ಗೋಲ್ಡನ್ ಗ್ಲೋಬ್ ಪ್ರಶಸ್ತಿ ಮತ್ತು ಮೂರನೆಯ ಆಸ್ಕರ್ ನಾಮನಿರ್ದೇಶನ ದೊರೆತವು.

ಕೆನೆತ್ ಲಾನರ್ಗನ್ ಅವರ 'ಮ್ಯಾಂಚೆಸ್ಟರ್ ಬೈ ದ ಸೀ' (2016) ಚಿತ್ರದಲ್ಲಿ ಅವರು ಕಾಣಿಸಿಕೊಳ್ಳುವುದು ಕೆಲವೇ ದೃಶ್ಯಗಳಲ್ಲಿ. ಬೆಂಕಿ ಅನಾಹುತದಲ್ಲಿ ಮಕ್ಕಳನ್ನು ಕಳೆದುಕೊಂಡು ಬೇರ್ಪಟ್ಟ ಗಂಡಹೆಂಡಿರು ವರ್ಷಗಳ ನಂತರ ಬೀದಿಯಲ್ಲಿ ಎದುರಾಗುವ ದೃಶ್ಯವು ಚಿತ್ರದ ಭಾವಕೇಂದ್ರ. ಕ್ಷಮೆ ಕೇಳಬೇಕೆಂದಿರುವ ರ‍್ಯಾಂಡಿ ಮತ್ತು ಅದನ್ನು ಕೇಳಿಸಿಕೊಳ್ಳಲಾಗದ ಲೀ, ಒಬ್ಬರ ಮಾತಿನ ಮೇಲೊಬ್ಬರು ಮಾತನಾಡುತ್ತ, ಯಾವ ವಾಕ್ಯವನ್ನೂ ಪೂರ್ಣಗೊಳಿಸದೆ ಅಗಲುತ್ತಾರೆ. ಪಾತ್ರದ ಗಾತ್ರ ಚಿಕ್ಕದಾದರೂ ಇದು ಅವರಿಗೆ ನಾಲ್ಕನೆಯ ಆಸ್ಕರ್ ನಾಮನಿರ್ದೇಶನ ತಂದಿತು.

ರಂಗಭೂಮಿ

2014ರಲ್ಲಿ 'ಕ್ಯಾಬರೆ' ಸಂಗೀತ ನಾಟಕದ ಸ್ಯಾಲಿ ಬೋಲ್ಸ್ ಪಾತ್ರದ ಮೂಲಕ ವಿಲಿಯಮ್ಸ್ ಬ್ರಾಡ್‌ವೇಗೆ ಪದಾರ್ಪಣೆ ಮಾಡಿದರು. 2016ರಲ್ಲಿ ಡೇವಿಡ್ ಹ್ಯಾರೋವರ್ ಅವರ 'ಬ್ಲ್ಯಾಕ್‌ಬರ್ಡ್' ನಾಟಕದಲ್ಲಿ ಜೆಫ್ ಡೇನಿಯಲ್ಸ್ ಎದುರು ನಟಿಸಿದರು. ಹನ್ನೆರಡನೆಯ ವಯಸ್ಸಿನಲ್ಲಿ ತನ್ನ ಮೇಲೆ ಲೈಂಗಿಕ ದೌರ್ಜನ್ಯವೆಸಗಿದವನನ್ನು ವರ್ಷಗಳ ನಂತರ ಹುಡುಕಿಕೊಂಡು ಬರುವ ಯುವತಿಯ ಈ ಪಾತ್ರಕ್ಕಾಗಿ ಟೋನಿ ಪ್ರಶಸ್ತಿಗೆ ನಾಮನಿರ್ದೇಶನಗೊಂಡರು.

ದೊಡ್ಡ ಬಂಡವಾಳದ ಚಿತ್ರಗಳು

ವಿಲಿಯಮ್ಸ್ ಜನಪ್ರಿಯ ಚಿತ್ರಗಳಿಂದ ಸಂಪೂರ್ಣವಾಗಿ ದೂರವುಳಿದಿಲ್ಲ. ಮಾರ್ಟಿನ್ ಸ್ಕಾರ್ಸೇಸಿ ನಿರ್ದೇಶನದ 'ಶಟರ್ ಐಲ್ಯಾಂಡ್' (2010), ಡಿಸ್ನಿಯ 'ಆಜ್ ದ ಗ್ರೇಟ್ ಆ್ಯಂಡ್ ಪವರ್‌ಫುಲ್' (2013), ವಿಶ್ವಾದ್ಯಂತ 40 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿದ 'ದ ಗ್ರೇಟೆಸ್ಟ್ ಶೋಮನ್' (2017) ಹಾಗೂ 85 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿದ 'ವೆನಮ್' (2018) ಇವುಗಳಲ್ಲಿ ಕೆಲವು. ಆದರೆ ಇಂಥ ಚಿತ್ರಗಳಲ್ಲಿ ಅವರಿಗೆ ಹೆಚ್ಚಾಗಿ ದೊರೆತದ್ದು ನಾಯಕನ ಪತ್ನಿ ಅಥವಾ ಪ್ರೇಯಸಿಯ ಪಾತ್ರಗಳು. ಅವರ ಪ್ರತಿಭೆಗೆ ಇವುಗಳಲ್ಲಿ ಸಾಕಷ್ಟು ಅವಕಾಶವಿಲ್ಲವೆಂಬ ಟೀಕೆಯೂ ಇದೆ. 'ಐ ಫೀಲ್ ಪ್ರಿಟಿ' (2018) ಇದಕ್ಕೊಂದು ಅಪವಾದ. ಕೀರಲು ಧ್ವನಿಯ, ಕೀಳರಿಮೆಯುಳ್ಳ ಸೌಂದರ್ಯವರ್ಧಕ ಸಂಸ್ಥೆಯ ಒಡತಿಯಾಗಿ ಅವರು ತೋರಿದ ಹಾಸ್ಯಾಭಿನಯ ಮೆಚ್ಚುಗೆ ಪಡೆಯಿತು. 'ಆಫ್ಟರ್ ದ ವೆಡ್ಡಿಂಗ್' (2019) ಚಿತ್ರದಲ್ಲಿ ಕೋಲ್ಕತ್ತದಲ್ಲಿ ಅನಾಥಾಶ್ರಮವನ್ನು ನಡೆಸುವ ಅಮೆರಿಕನ್ ಮಹಿಳೆಯಾಗಿ ನಟಿಸಿದರು.

ಸಂಭಾವನೆಯ ತಾರತಮ್ಯ

ರಿಡ್ಲಿ ಸ್ಕಾಟ್ ನಿರ್ದೇಶನದ 'ಆಲ್ ದ ಮನಿ ಇನ್ ದ ವರ್ಲ್ಡ್' (2017) ಚಿತ್ರವು 1973ರಲ್ಲಿ ನಡೆದ ಜಾನ್ ಪಾಲ್ ಗೆಟ್ಟಿ ಮೂರನೆಯವನ ಅಪಹರಣವನ್ನು ಆಧರಿಸಿದೆ. ಮಗನ ಬಿಡುಗಡೆಗಾಗಿ ಹೆಣಗುವ ತಾಯಿ ಗೇಲ್ ಹ್ಯಾರಿಸ್ ಪಾತ್ರ ವಿಲಿಯಮ್ಸ್ ಅವರದು. ಚಿತ್ರ ಸಿದ್ಧವಾಗಿದ್ದಾಗ, ನಟ ಕೆವಿನ್ ಸ್ಪೇಸಿ ಮೇಲೆ ಲೈಂಗಿಕ ದುರ್ವರ್ತನೆಯ ಆರೋಪಗಳು ಕೇಳಿಬಂದವು. ಅವರ ಭಾಗಗಳನ್ನು ಕೈಬಿಟ್ಟು, ಕ್ರಿಸ್ಟಫರ್ ಪ್ಲಮರ್ ಅವರೊಂದಿಗೆ 2017ರ ನವೆಂಬರ್‌ನಲ್ಲಿ ಮರುಚಿತ್ರೀಕರಣ ನಡೆಸಲಾಯಿತು.

ಈ ಮರುಚಿತ್ರೀಕರಣಕ್ಕಾಗಿ ಸಹನಟ ಮಾರ್ಕ್ ವಾಲ್‌ಬರ್ಗ್ ಅವರಿಗೆ 15 ಲಕ್ಷ ಡಾಲರ್ ಸಂದಿದ್ದರೆ, ವಿಲಿಯಮ್ಸ್ ಅವರಿಗೆ ದಿನಭತ್ಯೆಯ ರೂಪದಲ್ಲಿ ಒಟ್ಟು 1,000 ಡಾಲರ್‌ಗಿಂತಲೂ ಕಡಿಮೆ ದೊರೆತಿತ್ತೆಂದು 2018ರ ಜನವರಿಯಲ್ಲಿ ವರದಿಯಾಯಿತು. ಇಬ್ಬರನ್ನೂ ಪ್ರತಿನಿಧಿಸುತ್ತಿದ್ದುದು ಒಂದೇ ಸಂಸ್ಥೆ ಎಂಬುದು ವಿವಾದವನ್ನು ತೀವ್ರಗೊಳಿಸಿತು. ನಂತರ ವಾಲ್‌ಬರ್ಗ್ ಆ ಮೊತ್ತವನ್ನು ವಿಲಿಯಮ್ಸ್ ಹೆಸರಿನಲ್ಲಿ 'ಟೈಮ್ಸ್ ಅಪ್' ಅಭಿಯಾನದ ಕಾನೂನು ನೆರವಿನ ನಿಧಿಗೆ ನೀಡಿದರು. ಪ್ರತಿನಿಧಿ ಸಂಸ್ಥೆಯು 5 ಲಕ್ಷ ಡಾಲರ್ ಸೇರಿಸಿತು. 2019ರ ಏಪ್ರಿಲ್‌ನಲ್ಲಿ ವಿಲಿಯಮ್ಸ್ ವಾಷಿಂಗ್ಟನ್‌ನಲ್ಲಿ ಸಮಾನ ವೇತನ ದಿನದ ಕಾರ್ಯಕ್ರಮದಲ್ಲಿ ಮಾತನಾಡಿ, ವೇತನ ತಾರತಮ್ಯವನ್ನು ತಡೆಯುವ ಮಸೂದೆಯನ್ನು ಬೆಂಬಲಿಸಿದರು.

ಕಿರುತೆರೆಗೆ ಮರಳಿಕೆ ಮತ್ತು ನಂತರದ ಚಿತ್ರಗಳು

'ಡಾಸನ್ಸ್ ಕ್ರೀಕ್' ಮುಗಿದು ಹದಿನಾರು ವರ್ಷಗಳ ನಂತರ, ಎಫ್ಎಕ್ಸ್ ವಾಹಿನಿಯ ಎಂಟು ಕಂತುಗಳ 'ಫಾಸಿ/ವರ್ಡನ್' (2019) ಮೂಲಕ ವಿಲಿಯಮ್ಸ್ ಕಿರುತೆರೆಯ ಪ್ರಮುಖ ಪಾತ್ರಕ್ಕೆ ಮರಳಿದರು. ನೃತ್ಯ ನಿರ್ದೇಶಕ ಬಾಬ್ ಫಾಸಿ ಮತ್ತು ನರ್ತಕಿ ಗ್ವೆನ್ ವರ್ಡನ್ ಅವರ ಕಲೆ ಹಾಗೂ ದಾಂಪತ್ಯ ಇದರ ವಸ್ತು. ಗಂಡನ ಹೆಸರಿನ ಹಿಂದೆ ಮರೆಯಾದ ವರ್ಡನ್ ಕೊಡುಗೆಯನ್ನು ಸರಣಿಯು ಮುನ್ನೆಲೆಗೆ ತಂದಿತು. ಪಾತ್ರಕ್ಕಾಗಿ ವಿಲಿಯಮ್ಸ್ ನೃತ್ಯ ಮತ್ತು ಗಾಯನ ತರಬೇತಿ ಪಡೆದರು. ಎಮ್ಮಿ ಪ್ರಶಸ್ತಿ ಸ್ವೀಕರಿಸಿದ ಭಾಷಣದಲ್ಲಿ, ತಮ್ಮ ಬೇಡಿಕೆಗಳನ್ನು ಆಲಿಸಿ ಸಮಾನ ಸಂಭಾವನೆ ನೀಡಿದ್ದಕ್ಕಾಗಿ ನಿರ್ಮಾಪಕರಿಗೆ ಕೃತಜ್ಞತೆ ಸಲ್ಲಿಸಿ, ಮಹಿಳೆಯರು, ಅದರಲ್ಲೂ ಬಿಳಿಯರಲ್ಲದ ಮಹಿಳೆಯರು, ಕೆಲಸಕ್ಕೆ ಬೇಕಾದುದನ್ನು ಕೇಳಿದಾಗ ಅವರನ್ನು ನಂಬಬೇಕೆಂದು ಹೇಳಿದರು.

ಸ್ಟೀವನ್ ಸ್ಪೀಲ್‌ಬರ್ಗ್ ತಮ್ಮ ಬಾಲ್ಯವನ್ನು ಆಧರಿಸಿ ನಿರ್ದೇಶಿಸಿದ 'ದ ಫೇಬಲ್‌ಮನ್ಸ್' (2022) ಚಿತ್ರದಲ್ಲಿ ಅವರ ತಾಯಿಯನ್ನು ಹೋಲುವ ಮಿಟ್ಜಿ ಎಂಬ ಪಿಯಾನೋ ವಾದಕಿಯ ಪಾತ್ರ ನಿರ್ವಹಿಸಿದರು. ಪೋಷಕ ನಟಿ ವಿಭಾಗದಲ್ಲಿ ಸ್ಪರ್ಧಿಸಿದ್ದರೆ ಗೆಲುವಿನ ಸಾಧ್ಯತೆ ಹೆಚ್ಚಿತ್ತೆಂದು ಚಲನಚಿತ್ರ ಪತ್ರಕರ್ತರು ಅಭಿಪ್ರಾಯಪಟ್ಟರೂ, ಪಾತ್ರವನ್ನು ಅತ್ಯುತ್ತಮ ನಟಿ ವಿಭಾಗದಲ್ಲಿಯೇ ಪರಿಗಣನೆಗೆ ಸಲ್ಲಿಸಲಾಯಿತು; ಆ ವರ್ಷದ ಪ್ರಶಸ್ತಿ ಮಿಷೆಲ್ ಯೋ ಅವರಿಗೆ ಸಂದಿತು. 2025ರ 'ಡೈಯಿಂಗ್ ಫಾರ್ ಸೆಕ್ಸ್' ಕಿರುಸರಣಿಯಲ್ಲಿ ಕ್ಯಾನ್ಸರಿನ ಕೊನೆಯ ಹಂತದಲ್ಲಿರುವ ಮಹಿಳೆಯಾಗಿ ನಟಿಸಿ ಮತ್ತೊಮ್ಮೆ ಎಮ್ಮಿ ನಾಮನಿರ್ದೇಶನ ಪಡೆದರು.

ಅಭಿನಯ ಶೈಲಿ ಮತ್ತು ಪಾತ್ರಗಳ ಆಯ್ಕೆ

ಮಾತಿಗಿಂತ ಮೌನ, ನೋಟ ಮತ್ತು ದೈಹಿಕ ನಿಲುವಿನ ಮೂಲಕ ಭಾವವನ್ನು ತಿಳಿಸುವುದು ವಿಲಿಯಮ್ಸ್ ಅವರ ಅಭಿನಯದ ಮುಖ್ಯ ಲಕ್ಷಣ. ಆಲ್ಮಾ, ವೆಂಡಿ ಮತ್ತು ರ‍್ಯಾಂಡಿ ಪಾತ್ರಗಳಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಮರ್ಲಿನ್, ಗ್ವೆನ್ ವರ್ಡನ್ ಮತ್ತು ಮಿಟ್ಜಿ ಇದಕ್ಕೆ ವಿರುದ್ಧವಾಗಿ, ಸದಾ ಪ್ರೇಕ್ಷಕರ ಎದುರಿಗಿರುವಂತೆ ವರ್ತಿಸುವ ಮಹಿಳೆಯರು. ಪ್ರದರ್ಶನ ನಿಂತ ಕ್ಷಣದಲ್ಲಿ ಅವರ ಮುಖದಲ್ಲಾಗುವ ಬದಲಾವಣೆಯೇ ಈ ಪಾತ್ರಗಳ ಜೀವಾಳ.

ಪಾತ್ರದ ಉದ್ದ ಅಥವಾ ಚಿತ್ರದ ಗಾತ್ರಕ್ಕಿಂತ ನಿರ್ದೇಶಕರು ಮತ್ತು ಬರವಣಿಗೆಯನ್ನು ಅವಲಂಬಿಸಿದ ಆಯ್ಕೆ ಅವರ ವೃತ್ತಿಜೀವನದುದ್ದಕ್ಕೂ ಕಾಣಿಸುತ್ತದೆ. ಇದಕ್ಕೆ ಬೆಲೆಯೂ ಇತ್ತು: ಅವರ ಶ್ರೇಷ್ಠ ಪಾತ್ರಗಳಲ್ಲಿ ಹಲವು ಸೀಮಿತ ಚಿತ್ರಮಂದಿರಗಳಲ್ಲಿ ಮಾತ್ರ ಪ್ರದರ್ಶನಗೊಂಡು ಕಡಿಮೆ ಪ್ರೇಕ್ಷಕರನ್ನು ತಲುಪಿದವು. ಮಗಳ ಪಾಲನೆಯೂ ಆಯ್ಕೆಗಳ ಮೇಲೆ ಪ್ರಭಾವ ಬೀರಿದೆ. ಮನೆಯಿಂದ ಬಹುಕಾಲ ದೂರವಿರಬೇಕಾದ ಕೆಲಸಗಳನ್ನು ಒಪ್ಪಿಕೊಳ್ಳಲು ಹಿಂಜರಿದುದಾಗಿ ಅವರು ಹೇಳಿದ್ದಾರೆ.

ವೈಯಕ್ತಿಕ ಜೀವನ

'ಬ್ರೋಕ್‌ಬ್ಯಾಕ್ ಮೌಂಟನ್' ಚಿತ್ರೀಕರಣದ ವೇಳೆ ಸಹನಟ ಹೀತ್ ಲೆಜರ್ ಅವರೊಂದಿಗೆ ಸಂಬಂಧ ಬೆಳೆಯಿತು. 2005ರ ಅಕ್ಟೋಬರ್‌ನಲ್ಲಿ ಅವರಿಗೆ ಮಗಳು ಜನಿಸಿದಳು. 2007ರಲ್ಲಿ ಇಬ್ಬರೂ ಬೇರ್ಪಟ್ಟರು. 2008ರ ಜನವರಿ 22ರಂದು ಲೆಜರ್ ನಿಧನರಾದಾಗ ವಿಲಿಯಮ್ಸ್ ಪತ್ರಿಕಾ ಛಾಯಾಗ್ರಾಹಕರ ನಿರಂತರ ಬೆನ್ನಟ್ಟುವಿಕೆಯನ್ನು ಎದುರಿಸಬೇಕಾಯಿತು. 2018ರಲ್ಲಿ ಸಂಗೀತಗಾರ ಫಿಲ್ ಎಲ್ವೆರಮ್ ಅವರನ್ನು ವಿವಾಹವಾಗಿ ಮರುವರ್ಷ ಬೇರ್ಪಟ್ಟರು. 2020ರಲ್ಲಿ 'ಫಾಸಿ/ವರ್ಡನ್' ನಿರ್ದೇಶಕರಲ್ಲೊಬ್ಬರಾದ ಥಾಮಸ್ ಕೇಲ್ ಅವರನ್ನು ವಿವಾಹವಾದರು.

ಆಸ್ಕರ್ ನಾಮನಿರ್ದೇಶನಗಳು

ಬ್ರೋಕ್‌ಬ್ಯಾಕ್ ಮೌಂಟನ್ – ಅತ್ಯುತ್ತಮ ಪೋಷಕ ನಟಿ (2006)
ಬ್ಲೂ ವ್ಯಾಲೆಂಟೈನ್ – ಅತ್ಯುತ್ತಮ ನಟಿ (2011)
ಮೈ ವೀಕ್ ವಿತ್ ಮರ್ಲಿನ್ – ಅತ್ಯುತ್ತಮ ನಟಿ (2012)
ಮ್ಯಾಂಚೆಸ್ಟರ್ ಬೈ ದ ಸೀ – ಅತ್ಯುತ್ತಮ ಪೋಷಕ ನಟಿ (2017)
ದ ಫೇಬಲ್‌ಮನ್ಸ್ – ಅತ್ಯುತ್ತಮ ನಟಿ (2023)